ಇನ್ನೊಂದು ಸಲ ಕ್ಲಾಟ್ ಬರೆಯಬೇಕಾ, ಬೇಡ್ವಾ

ದಾವಣಗೆರೆಯಲ್ಲಿ ಯಾರಾದರೂ ‘ಈ ವರ್ಷ ಡ್ರಾಪ್ ತಗೊಂಡಿದ್ದೀನಿ’ ಅಂದರೆ ಎದುರಿನವರು ಯೋಚನೆ ಕೂಡ ಮಾಡದೆ ‘ನೀಟಾ?’ ಅಂತ ಕೇಳುತ್ತಾರೆ. ಊರಲ್ಲಿ ಎರಡು ಮೆಡಿಕಲ್ ಕಾಲೇಜಿವೆ. ನಮ್ಮ ಬೀದಿಯಲ್ಲೇ ನೀಟ್ ರಿಪೀಟರ್‌ಗಳಿದ್ದಾರೆ. ಅವರ ಮನೆಯಲ್ಲಿ ಟಿವಿ ಸೌಂಡ್ ಕಮ್ಮಿ ಇರುತ್ತದೆ, ನೆಂಟರು ಬಂದರೂ ಮೆತ್ತಗೆ ಮಾತಾಡುತ್ತಾರೆ. ಅದೇ ಲಾ ಓದುವುದಕ್ಕೆ ಒಂದು ವರ್ಷ ಕಾಯುತ್ತೇನೆ ಎಂದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ‘ಲಾ ಕಾಲೇಜಿಗೆ ಯಾಕಮ್ಮ ಎಂಟ್ರೆನ್ಸು, ಹೋಗಿ ಅರ್ಜಿ ಕೊಟ್ಟರೆ ಆಯ್ತಪ್ಪ’ ಎಂದು ನಮ್ಮ ದೊಡ್ಡಪ್ಪ ಒಂದು ಸಲವಲ್ಲ, ಮನೆಗೆ ಬಂದಾಗಲೆಲ್ಲ ಹೇಳಿದರು.

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಇಲ್ಲಿ ಆರ್.ಎಲ್. ಲಾ ಕಾಲೇಜಿದೆ, ಚಿತ್ರದುರ್ಗದಲ್ಲಿ ಸರಸ್ವತಿ ಲಾ ಕಾಲೇಜಿದೆ. ಎರಡೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಪಿಯುಸಿ ಅಂಕ ಇದ್ದರೆ ಸಾಕು, ಎಂಟ್ರೆನ್ಸ್ ಇಲ್ಲ. ನನಗೆ ಬೇಕಾಗಿದ್ದದ್ದು ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್. ಅದು 1988ರಲ್ಲಿ ಮೊದಲ ಬ್ಯಾಚ್ ಶುರುವಾದ ಕಾಲೇಜು. ಐದು ವರ್ಷದ ಕೋರ್ಸಿಗೆ ಅಲ್ಲಿಗೆ ಹೋಗಬೇಕಾದರೆ ಕ್ಲಾಟ್ ಎನ್ನುವ ರಾಷ್ಟ್ರಮಟ್ಟದ ಲಾ ಎಂಟ್ರೆನ್ಸ್ ಬರೆಯಲೇಬೇಕು.

ನಾನು ಬರೆದದ್ದು 2024ರ ಡಿಸೆಂಬರ್ 1ರ ಪರೀಕ್ಷೆ. ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಲೀಗಲ್ ರೀಸನಿಂಗ್, ಲಾಜಿಕ್, ಸ್ವಲ್ಪ ಗಣಿತ. ಕಾನೂನು ಮೊದಲೇ ಗೊತ್ತಿರಬೇಕು ಅಂತೇನಿಲ್ಲ, ನಿಯಮವನ್ನು ಅವರೇ ಕೊಟ್ಟಿರುತ್ತಾರೆ. ಆದರೆ ಎಲ್ಲವೂ ಓದಿ ಉತ್ತರ ಬರೆಯುವಂಥದ್ದು. ಒಂದೊಂದು ಪ್ಯಾಸೇಜ್ ಸುಮಾರು 450 ಪದ, ಅದರ ಕೆಳಗೆ ನಾಲ್ಕೈದು ಪ್ರಶ್ನೆ, ಮುಗಿಯಿತು ಎನ್ನುವಷ್ಟರಲ್ಲಿ ಮುಂದಿನ ಪ್ಯಾಸೇಜ್, ಹೀಗೆ ಎರಡು ಗಂಟೆ ತಲೆ ಎತ್ತದೆ ಇಂಗ್ಲಿಷ್ ಓದುತ್ತಲೇ ಇರಬೇಕು. ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಕಾಮರ್ಸ್. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಅರ್ಥವಾಗಲು ಟೈಮು ಬೇಕು. ಕ್ಲಾಟ್ ಕೊಡದೇ ಇರುವುದು ಅದನ್ನೇ.

ಪರೀಕ್ಷೆಯ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಪ್ಪನ ಜೊತೆ ಹಿಂದಿನ ರಾತ್ರಿ ಬಸ್ಸು ಹತ್ತಿದೆ, ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಮುಖ ತೊಳೆದೆ, ಮಧ್ಯಾಹ್ನ 2ಕ್ಕೆ ಹಾಲ್‌ನಲ್ಲಿ ಕೂತೆ, 4ಕ್ಕೆ ಎದ್ದೆ. ಕೊನೆಯ ಕೆಲವು ಪ್ಯಾಸೇಜ್‌ಗಳನ್ನು ನಾನು ನೋಡಲೇ ಇಲ್ಲ. ಹೊರಗೆ ಬಂದಾಗ ಸುತ್ತಮುತ್ತ ಎಲ್ಲರೂ ‘ಈ ಸಲ ಈಸಿ ಇತ್ತಲ್ವಾ’ ಎನ್ನುತ್ತಿದ್ದರು. ಈಸಿ ಪೇಪರ್ ಅಂದರೆ ನನ್ನಂಥವರಿಗೆ ಕಷ್ಟ. ಎಲ್ಲರಿಗೂ ಅಂಕ ಜಾಸ್ತಿ ಬರುತ್ತದೆ, ರ‍್ಯಾಂಕ್ ಕೆಳಗೆ ಜಾರುತ್ತದೆ. ಜಾರಿತು. ಬೆಂಗಳೂರು ಬಿಡಿ, ಯಾವ ಎನ್‌ಎಲ್‌ಯು (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ) ಕೂಡ ಸಿಗದ ರ‍್ಯಾಂಕ್ ಅದು.

ಒಂದು ವಾರ ಅತ್ತೆ, ಮುಗೀತು. ಅದನ್ನು ಎಳೆದು ಬರೆಯುವುದರಲ್ಲಿ ಅರ್ಥವಿಲ್ಲ. ಮಾರ್ಚ್‌ನಲ್ಲಿ ಪಿಯುಸಿ ಪರೀಕ್ಷೆ ಇತ್ತು, ಅಕೌಂಟೆನ್ಸಿ ಹಿಡಿದುಕೊಂಡು ಕೂತೆ.

ಆದರೆ ಈ ನಡುವೆ ಒಂದು ವಿಚಿತ್ರ ಆಯಿತು. ಉತ್ತರ ಪಟ್ಟಿಯಲ್ಲೇ ತಪ್ಪಿದೆ ಎಂದು ಒಬ್ಬ ವಿದ್ಯಾರ್ಥಿ ಕೋರ್ಟಿಗೆ ಹೋದ. ಡಿಸೆಂಬರ್ 20ರಂದು ದೆಹಲಿ ಹೈಕೋರ್ಟ್ ಎರಡು ಪ್ರಶ್ನೆಗಳ ಉತ್ತರ ತಪ್ಪು ಎಂದು ಒಪ್ಪಿ ಫಲಿತಾಂಶ ಪರಿಷ್ಕರಿಸಲು ಹೇಳಿತು. ಬೇರೆ ಬೇರೆ ಹೈಕೋರ್ಟ್‌ಗಳಲ್ಲೂ ಅರ್ಜಿಗಳಿದ್ದವು. ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ದೆಹಲಿಗೆ ಕಳಿಸಿತು. ಏಪ್ರಿಲ್‌ನಲ್ಲಿ ಅಲ್ಲಿ ಇನ್ನೊಂದು ತೀರ್ಪು, ಅದರ ಮೇಲೆ ಮತ್ತೆ ಸುಪ್ರೀಂ ಕೋರ್ಟ್, ಕೊನೆಗೆ 2025ರ ಮೇ 7ಕ್ಕೆ ನ್ಯಾಯಮೂರ್ತಿ ಗವಾಯಿ ಮತ್ತು ನ್ಯಾಯಮೂರ್ತಿ ಮಸೀಹ್ ಅವರ ಪೀಠ ಇತ್ಯರ್ಥ ಮಾಡಿತು. ಡಿಸೆಂಬರ್‌ನಿಂದ ಮೇವರೆಗೆ ಯಾರ ರ‍್ಯಾಂಕೂ ನಿಂತ ಜಾಗದಲ್ಲಿ ನಿಂತಿರಲಿಲ್ಲ. ಕೆಲವೇ ಪ್ರಶ್ನೆ ಅತ್ತಿತ್ತ ಆದರೆ ನನ್ನ ರ‍್ಯಾಂಕ್ ಅಷ್ಟು ದೂರ ಓಡಿ ಬರಲಾರದು ಅಂತ ನನಗೆ ಗೊತ್ತಿತ್ತು. ಆದರೂ ಮನೆಯಲ್ಲಿ ಯಾರು ಕೇಳಿದರೂ ‘ಕೇಸ್ ನಡೀತಿದೆ, ಆಮೇಲೆ ನೋಡೋಣ’ ಎನ್ನುವ ಉತ್ತರ ರೆಡಿ ಇತ್ತು. ನಿರ್ಧಾರ ಮುಂದೂಡಲು ಸುಪ್ರೀಂ ಕೋರ್ಟಿಗಿಂತ ಒಳ್ಳೆ ನೆಪ ಸಿಗುತ್ತದಾ?

ಮೇ 7 ಆದ ಮೇಲೆ ನೆಪ ಖಾಲಿಯಾಯಿತು.

ಈಗ ನಿಜವಾದ ಪ್ರಶ್ನೆ. ಕ್ಲಾಟ್‌ಗೆ ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಬಾಗಿಲು ಯಾವತ್ತೂ ಮುಚ್ಚದಿದ್ದರೆ ‘ಸಾಕು’ ಎಂದು ಹೇಳುವ ಕೆಲಸ ನಮ್ಮ ತಲೆಗೇ ಬರುತ್ತದೆ. ಸಲಹೆಗಳಿಗೆ ಬರ ಇರಲಿಲ್ಲ. ಕೋಚಿಂಗ್‌ನವರು ಫೋನ್ ಮಾಡಿ ‘ಡ್ರಾಪರ್ಸ್ ಬ್ಯಾಚ್’ ಅಂದರು, ಅವರಿಂದ ಬೇರೆ ಉತ್ತರ ಬರುವುದೂ ಇಲ್ಲ ಬಿಡಿ. ದೊಡ್ಡಪ್ಪ ಬಿಕಾಂ ಮಾಡಿಸು ಅಂದರು. ಅಮ್ಮ ಏನೂ ಹೇಳಲಿಲ್ಲ, ಆದರೆ ಪಕ್ಕದ ಮನೆ ಆಂಟಿ ಜೊತೆ ಮಾತಾಡುವಾಗ ‘ಗ್ಯಾಪ್’ ಎನ್ನುವ ಮಾತು ಎರಡು ಸಲ ಬಂತು, ನನಗೆ ಕೇಳಿಸಲಿ ಅಂತಲೇ.

ಅಪ್ಪ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರಿಗೆ ಕ್ಲಾಟ್ ಗೊತ್ತಿಲ್ಲ, ಮೆಕ್ಕೆಜೋಳ ಗೊತ್ತು. ‘ಈಗ ರೇಟಿಲ್ಲ ಅಂತ ಮಾಲು ಇಟ್ಟುಕೊಂಡರೆ ಮುಂದೆ ರೇಟು ಬರಬಹುದು. ಆದರೆ ಗೋದಾಮಿನ ಬಾಡಿಗೆ, ಒಣಗಿ ತೂಕ ಇಳಿಯೋದು, ಇವನ್ನ ಮೊದಲೇ ಬರೆದಿಟ್ಕೋಬೇಕು. ಬರೆದು ನೋಡು’ ಅಂದರು. ಅಷ್ಟೇ. ಡ್ರಾಪ್ ತಗೋ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಆ ರಾತ್ರಿ ಸ್ವಲ್ಪ ಸಿಟ್ಟು ಬಂತು. ಬೆಳಿಗ್ಗೆ ಎದ್ದು ಬರೆದೆ.

ಮೊದಲು ಬರೆದ ಸಾಲು, ಅಂಕ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಊಹೆಯಲ್ಲಿ ಸಿಗುವುದಿಲ್ಲ. ಅದೇ ಪ್ರಶ್ನೆಪತ್ರಿಕೆ ತೆಗೆದು, ಗಡಿಯಾರ ಇಲ್ಲದೆ, ನಿಧಾನವಾಗಿ ಇನ್ನೊಮ್ಮೆ ಮಾಡಿದೆ. ಅಂಕ ಹತ್ತಿರ ಹತ್ತಿರ ಇಪ್ಪತ್ತು ಜಾಸ್ತಿ ಬಂತು. ಮೊದಲೇ ನೋಡಿದ ಪೇಪರ್ ಅಲ್ವಾ, ಹಾಗಾಗಿ ಅದರಲ್ಲಿ ಸ್ವಲ್ಪ ಕಳೆಯಬೇಕು. ಕಳೆದರೂ ಒಂದು ವಿಷಯ ಸ್ಪಷ್ಟವಾಗಿತ್ತು. ಇಂಗ್ಲಿಷ್ ಮತ್ತು ಲಾಜಿಕ್‌ನಲ್ಲಿ ನನಗೆ ಬರದೇ ಇದ್ದದ್ದು ಉತ್ತರವಲ್ಲ, ವೇಗ. ಲೀಗಲ್ ರೀಸನಿಂಗ್ ಎರಡೂ ಸಲ ಚೆನ್ನಾಗಿತ್ತು. ಗಣಿತ ಅಡ್ಡಿಯಿಲ್ಲ, ಕಾಮರ್ಸ್ ಹುಡುಗಿ. ಪ್ರಚಲಿತ ವಿದ್ಯಮಾನ ಮಾತ್ರ ಗಡಿಯಾರ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಗೊತ್ತಿಲ್ಲದ್ದು ಯೋಚಿಸಿದರೆ ಹೊಳೆಯುವುದಿಲ್ಲವಲ್ಲ. ಪರೀಕ್ಷೆಯ ಕಾಲು ಭಾಗ ಅದೇ.

ರಿಪೀಟ್ ಮಾಡಬೇಕಾ ಎಂದು ಕೇಳುವ ಎಲ್ಲರಿಗೂ ನಾನು ಈಗ ಇದನ್ನೇ ಹೇಳುತ್ತೇನೆ. ನಿರ್ಧಾರ ಮಾಡಿ ಆಮೇಲೆ ಓದಬೇಡಿ. ಮೊದಲು ಒಂದು ತಿಂಗಳು ಓದಿ, ಆಮೇಲೆ ನಿರ್ಧಾರ ಮಾಡಿ. ಯಾಕೆಂದರೆ ಡಿಸೆಂಬರ್‌ನ ಅಂಕ ಹಳೆಯ ನಿಮ್ಮದು, ಮುಂದಿನ ಡಿಸೆಂಬರ್‌ನ ಅಂಕವನ್ನು ಎಲ್ಲರೂ ಬಾಯಲ್ಲೇ ಹೇಳುತ್ತಾರೆ. ನಡುವೆ ಸಿಗಬಹುದಾದ ಒಂದೇ ನಿಜವಾದ ಲೆಕ್ಕ ಎಂದರೆ, ಕೂತು ಓದಿದರೆ ಅಂಕ ಯಾವ ಕಡೆ ಹೋಗುತ್ತದೆ ಎನ್ನುವುದು.

ಹಾಗಾಗಿ ಮೇ ಭಾನುವಾರಗಳಲ್ಲಿ ಮಧ್ಯಾಹ್ನ 2ರಿಂದ 4, ಪರೀಕ್ಷೆಯ ಟೈಮಿಗೇ, ಮನೆಯ ಹಿಂದಿನ ರೂಮಿನಲ್ಲಿ ಕೂತೆ. ದಾವಣಗೆರೆಯ ಮೇ ಬಿಸಿಲು ಗೊತ್ತಿದ್ದವರಿಗೆ ಇದು ಎಂಥ ತಪಸ್ಸು ಅಂತ ಗೊತ್ತಾಗುತ್ತದೆ. ಕರೆಂಟು ಹೋದರೆ ಹಾಳೆ ಕೈಗೆ ಅಂಟಿಕೊಳ್ಳುತ್ತಿತ್ತು. ಹಳೆಯ ಪೇಪರ್‌ಗಳನ್ನು ತೆಗೆದುಕೊಂಡೆ. ಒಂದು ಎಚ್ಚರಿಕೆ, 2020ರಲ್ಲಿ ಪರೀಕ್ಷೆಯ ರೀತಿಯೇ ಬದಲಾಗಿ ಪ್ಯಾಸೇಜ್ ಬಂತು, ಅದಕ್ಕಿಂತ ಹಳೆಯದು ಅಷ್ಟಾಗಿ ಉಪಯೋಗವಿಲ್ಲ. 2020ರಿಂದ 2023ರ ಪೇಪರ್‌ಗಳಲ್ಲಿ 150 ಪ್ರಶ್ನೆ ಇವೆ. 2024ರ ಕ್ಲಾಟ್‌ನಿಂದ 120 ಆಗಿದೆ. ಹಳೆಯದನ್ನು ಮಾಡುವಾಗ ಪ್ಯಾಸೇಜ್‌ಗಳನ್ನು ನೀವೇ ಕಡಿಮೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸುಮ್ನೆ ಧೈರ್ಯ ಕೆಡುತ್ತದೆ. ಉಳಿದ ದಿನ ಬೆಳಿಗ್ಗೆ ಇಂಗ್ಲಿಷ್ ಪೇಪರಿನ ಸಂಪಾದಕೀಯ ಪುಟ, ಟೈಮರ್ ಇಟ್ಟುಕೊಂಡು. ಹಡದಿ ರಸ್ತೆಯ ಗೂಡಂಗಡಿಯವನಿಗೆ ಅಚ್ಚರಿ, ಆ ಪೇಪರ್ ಅವನ ಹತ್ತಿರ ಬರುವುದೇ ಕೆಲವು ಪ್ರತಿ.

ಅಂಕ ಏರಿತು. ಮೊದಲು ಚೆನ್ನಾಗಿ ಏರಿತು, ಆಮೇಲೆ ನಿಧಾನ, ಕೊನೆಗೆ ಎಪ್ಪತ್ತರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಖುಷಿ ಪಡುವ ವಿಷಯವೇ. ಇನ್ನೂ ಆರು ತಿಂಗಳು ಇತ್ತು, ಪ್ರಚಲಿತ ವಿದ್ಯಮಾನ ಸರಿಮಾಡಿಕೊಂಡರೆ ಇನ್ನೊಂದಿಷ್ಟು ಸಿಗುತ್ತಿತ್ತು. ಯಾವುದಾದರೂ ಒಂದು ಎನ್‌ಎಲ್‌ಯು ಸಿಗುವ ಹಾದಿ ಅದು. ಬೆಂಗಳೂರು ಸಿಗುವ ಹಾದಿ ಹೌದೋ ಅಲ್ಲವೋ, ಎದೆ ಮುಟ್ಟಿ ಹೇಳಲಾರೆ. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಅಲ್ಲಿ ಶೇ. 25 ಮೀಸಲು ಇದೆ, ಅದು ದೊಡ್ಡ ಆಸರೆ. ಆದರೆ ಬೆಂಗಳೂರಿನ ಮಕ್ಕಳೂ ಕರ್ನಾಟಕದಲ್ಲೇ ಓದಿರುತ್ತಾರೆ, ಇಂಗ್ಲಿಷ್ ಪೇಪರ್ ಅವರ ಮನೆ ಬಾಗಿಲಿಗೆ ಬರುತ್ತದೆ.

ಎರಡನೇ ಸಾಲು, ಯಾವುದಾದರೂ ಒಂದು ಎನ್‌ಎಲ್‌ಯು ಸಿಕ್ಕರೆ ಹೋಗುತ್ತೀಯಾ? ಇದನ್ನು ನಾನು ಅಲ್ಲಿಯವರೆಗೆ ಕೇಳಿಕೊಂಡೇ ಇರಲಿಲ್ಲ. ರ‍್ಯಾಂಕ್ ಕೆಳಗಿದ್ದಷ್ಟೂ ಸೀಟು ದೂರದ ರಾಜ್ಯದಲ್ಲಿ ಸಿಗುತ್ತದೆ, ಫೀಸು ಮಾತ್ರ ಹತ್ತಿರವಾಗುವುದಿಲ್ಲ. ವರ್ಷಕ್ಕೆ ಲಕ್ಷಗಳಲ್ಲಿ, ಹಾಸ್ಟೆಲ್ ಸೇರಿಸಿದರೆ ಇನ್ನೂ ಜಾಸ್ತಿ. ಎಜುಕೇಶನ್ ಲೋನ್ ಸಿಗುತ್ತದೆ. ಆದರೆ ಆ ಲೋನ್ ತೀರಿಸಲು ಕಾರ್ಪೊರೇಟ್ ಕೆಲಸ ಬೇಕಾಗುತ್ತದೆ, ಮತ್ತು ನನಗೆ ಬೇಕಾಗಿರುವುದು ಅದಲ್ಲ. ನನಗೆ ಸಿವಿಲ್ ಜಡ್ಜ್ ಆಗಬೇಕು. ಎಂಟನೇ ಕ್ಲಾಸಿನಿಂದ ಅದೇ. ಕಾರಣ ಕೇಳಬೇಡಿ, ನಮ್ಮ ಅಜ್ಜಿಯ ಜಮೀನಿನ ಕೇಸು ಒಂದು ದೊಡ್ಡ ಕಥೆ.

ಅಷ್ಟರಲ್ಲಿ ಮೇ 20 ಬಂತು. ಸಿವಿಲ್ ಜಡ್ಜ್ ಪರೀಕ್ಷೆ ಬರೆಯಲು ಕನಿಷ್ಠ 3 ವರ್ಷ ವಕೀಲಿ ಮಾಡಿರಲೇಬೇಕು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದುವರೆಗೆ ನನ್ನ ತಲೆಯಲ್ಲಿ ಇದ್ದದ್ದು ಓದು ಮುಗಿದ ತಕ್ಷಣ ಪರೀಕ್ಷೆ. ಈಗ ಲೆಕ್ಕ ಬದಲಾಯಿತು. ಈ ವರ್ಷ ಸೇರಿದರೆ 2030ಕ್ಕೆ ಡಿಗ್ರಿ, 2033ಕ್ಕೆ ಪರೀಕ್ಷೆ. ಡ್ರಾಪ್ ತಗೊಂಡರೆ 2031, 2034. ಒಂದು ವರ್ಷ ಏನು ಮಹಾ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಮೊದಲ ಮೂರು ವರ್ಷದ ಜೂನಿಯರ್ ವಕೀಲರ ಸಂಪಾದನೆ ಎಷ್ಟಿರುತ್ತದೆ ಎಂದು ಯಾವ ಜಿಲ್ಲಾ ಕೋರ್ಟಿನಲ್ಲಾದರೂ ವಿಚಾರಿಸಿ ನೋಡಿ. ಲಕ್ಷಗಳ ಲೋನ್ ಇಟ್ಟುಕೊಂಡು ಆ ಮೂರು ವರ್ಷ ದಾಟುವುದು ನನ್ನಂಥ ಮನೆಯವರಿಗೆ ಆಗುವ ಮಾತಲ್ಲ.

ನಾನು ವಿಚಾರಿಸಿದೆ ಕೂಡ. ಅಮ್ಮನ ಪರಿಚಯದ ಒಬ್ಬ ಹಿರಿಯ ವಕೀಲೆ ಇದ್ದಾರೆ, ಇಲ್ಲಿನ ಕೋರ್ಟಿನಲ್ಲೇ ಸಿವಿಲ್ ಕೇಸು ನಡೆಸುವವರು. ಸಂಜೆ ಅವರ ಆಫೀಸಿಗೆ ಹೋದೆ. ಎದುರಿಗೆ ಫೈಲು ರಾಶಿ, ಕಕ್ಷಿದಾರರು ಒಬ್ಬರಾದ ಮೇಲೆ ಒಬ್ಬರು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಬರೀ ನೋಡಿದೆ. ಎಲ್ಲ ಮಾತೂ ಕನ್ನಡದಲ್ಲಿ. ಪಹಣಿ, ಮ್ಯುಟೇಶನ್, ದಾನಪತ್ರ, ಪಂಚನಾಮೆ. ಒಬ್ಬ ಅಜ್ಜ ಹೇಳಿದ ಉದ್ದ ಕಥೆಯನ್ನು ಅವರು ನಾಲ್ಕು ಸಾಲಿಗೆ ಇಳಿಸಿ, ಅದನ್ನೇ ಇಂಗ್ಲಿಷ್‌ನಲ್ಲಿ ಜೂನಿಯರ್‌ಗೆ ಬರೆಸಿದರು. ಬಿಡುವಾದಾಗ ನನಗೆ ಹೇಳಿದ್ದು ಎರಡೇ ಮಾತು. ಒಂದು, ಎಲ್ಲಿ ಓದಿದರೂ ವಕೀಲಿಗೆ ಬಾರ್ ಕೌನ್ಸಿಲ್‌ನ ಅದೇ ಪರೀಕ್ಷೆ ಪಾಸಾಗಬೇಕು. ಎರಡು, ಕರ್ನಾಟಕದ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಅನುವಾದಕ್ಕೆ ಅಂತಲೇ ಒಂದು ಪತ್ರಿಕೆ ಇದೆ. ಸಾಕ್ಷಿ ಹೇಳಿಕೆ, ತೀರ್ಪು, ದಾಖಲೆ ಇವನ್ನೆಲ್ಲ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ ಮಾಡಬೇಕು. ‘ದೊಡ್ಡ ದೊಡ್ಡ ಕಾಲೇಜಲ್ಲಿ ಓದಿ ಬಂದವರು ಅಲ್ಲಿ ಒದ್ದಾಡೋದನ್ನ ನೋಡಿದ್ದೀನಿ’ ಅಂದು ನಕ್ಕರು. ಕ್ಲಾಟ್ ಬರೆಯಬೇಡ ಎಂದು ಅವರೂ ಹೇಳಲಿಲ್ಲ. ‘ನಾಗರಭಾವಿ ಸಿಕ್ಕರೆ ಕಣ್ಣು ಮುಚ್ಚಿ ಹೋಗು’ ಅಂದರು.

ಅಲ್ಲಿಗೆ ಪ್ರಶ್ನೆ ಸಣ್ಣದಾಯಿತು. ಕ್ಲಾಟ್ ಬರೆಯಬೇಕಾ ಅಂತ ಉಳಿಯಲಿಲ್ಲ, ಬೆಂಗಳೂರಿನ ಒಂದೇ ಒಂದು ಕಾಲೇಜಿಗಾಗಿ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಸೀಟಿಗಾಗಿ, ಒಂದು ವರ್ಷ ಇಡಬೇಕಾ ಅಂತ ಉಳಿಯಿತು.

ನಡುವಿನ ದಾರಿಯೂ ಒಂದಿತ್ತು. ಇಲ್ಲೇ ಕಾಲೇಜು ಸೇರಿ, ಓದುತ್ತಲೇ ಡಿಸೆಂಬರ್‌ನಲ್ಲಿ ಬರೆಯುವುದು. ತುಂಬ ಜನ ಹೀಗೆ ಮಾಡುತ್ತಾರೆ, ಕೆಟ್ಟ ಯೋಚನೆ ಏನಲ್ಲ. ಕೈಯಲ್ಲಿ ಒಂದು ಸೀಟು ಇರುತ್ತದೆ, ಮನೆಯಲ್ಲಿ ‘ಗ್ಯಾಪ್’ ಮಾತು ಬರುವುದಿಲ್ಲ. ಆದರೆ ಕ್ಲಾಟ್ ಸಿಕ್ಕರೆ ಅಲ್ಲಿ ಮತ್ತೆ ಮೊದಲನೇ ವರ್ಷದಿಂದಲೇ ಶುರು. ಅಂದರೆ ವರ್ಷ ಉಳಿಯುವುದಿಲ್ಲ, ಭಯ ಕಡಿಮೆಯಾಗುತ್ತದೆ ಅಷ್ಟೇ. ಜೊತೆಗೆ ಲಾ ಕಾಲೇಜಿನಲ್ಲಿ ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಶೇ. 70 ಹಾಜರಿ ಬೇಕು. ಒಂದು ಕಡೆ ಕ್ಲಾಸು, ಇನ್ನೊಂದು ಕಡೆ ದಿನಾ ಪ್ಯಾಸೇಜು. ಎರಡೂ ಅರ್ಧರ್ಧ ಆಗುವುದೇ ಜಾಸ್ತಿ ಅಂತ ನನ್ನ ಲೆಕ್ಕ. ಬೇರೆಯವರಿಗೆ ಆಗಬಹುದು.

ನನ್ನ ಜೊತೆ ಕ್ಲಾಟ್ ಬರೆದ ಗೆಳತಿ ಒಬ್ಬಳಿದ್ದಾಳೆ, ಚಿತ್ರದುರ್ಗದವಳು. ಅವಳಿಗೆ ನನಗಿಂತ ಒಳ್ಳೆ ರ‍್ಯಾಂಕ್ ಬಂದಿತ್ತು, ಆದರೂ ಬೇಕಾದ್ದು ಸಿಗಲಿಲ್ಲ. ಅವಳು ಓದಿದ್ದು ಇಂಗ್ಲಿಷ್ ಮಾಧ್ಯಮ, ಸ್ಪೀಡ್ ಇದೆ. ಅವಳ ಅಂಕ ಹೋಗಿದ್ದು ಪ್ರಚಲಿತ ವಿದ್ಯಮಾನ ಒಂದರಲ್ಲೇ. ಅದು ದಿನಾ ಕೂತರೆ ತುಂಬಿಕೊಳ್ಳುವ ಹಳ್ಳ. ಅವಳಿಗೆ ಬೇಕಾದದ್ದೂ ಕಂಪನಿ ಕಾನೂನು. ಅದಕ್ಕೆ ಎನ್‌ಎಲ್‌ಯು ಹೆಸರು ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ದೂರದ ಊರಾದರೂ ಹೋಗುತ್ತಾಳೆ, ಮನೆಯಲ್ಲೂ ಅನುಕೂಲ ಇದೆ. ಅವಳು ಡ್ರಾಪ್ ತಗೊಂಡಳು, ಸರಿಯಾಗಿಯೇ ತಗೊಂಡಳು. ಒಂದೇ ಹಾಲ್‌ನಲ್ಲಿ ಕೂತು ಬರೆದ ಇಬ್ಬರಿಗೆ ಎರಡು ಉತ್ತರ. ಹಾಗಾಗಿಯೇ ‘ಕ್ಲಾಟ್ ರಿಪೀಟ್ ಮಾಡಬಹುದಾ’ ಎಂದು ಯಾರಾದರೂ ಬರೀ ರ‍್ಯಾಂಕ್ ಹೇಳಿ ಕೇಳಿದರೆ ನನಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಮುಂದೆ ಏನಾಗಬೇಕು, ಅಂಕ ಎಲ್ಲಿ ಹೋಯಿತು, ಯಾವ ಯಾವ ಕಾಲೇಜು ಸಿಕ್ಕರೆ ನಿಜವಾಗಿಯೂ ಪೆಟ್ಟಿಗೆ ಕಟ್ಟುತ್ತೀರಿ, ಇಷ್ಟು ಹೇಳಿದರೆ ಮಾತಾಡಬಹುದು.

ಜೂನ್‌ನಲ್ಲಿ ನಾನು ಊರಿನ ಕಾಲೇಜಿಗೆ ಅರ್ಜಿ ಹಾಕಿದೆ. ಅರ್ಜಿಯ ಜೊತೆ ಮೂಲ ಟಿಸಿ ಕೊಡುವಾಗ ಕೈ ಸ್ವಲ್ಪ ತಡೆಯಿತು, ಸುಳ್ಳು ಹೇಳುವುದಿಲ್ಲ. ಅಪ್ಪ ಕೇಳಿದ್ದು ಒಂದೇ, ‘ಲೆಕ್ಕ ಬರೆದ ಹಾಳೆ ಇಟ್ಟಿದ್ದೀಯಾ?’ ಇಟ್ಟಿದ್ದೇನೆ. ಆಗಸ್ಟ್ 1ಕ್ಕೆ ಮುಂದಿನ ಡಿಸೆಂಬರ್‌ನ ಪರೀಕ್ಷೆಗೆ, ಅಂದರೆ 2026ರ ಕ್ಲಾಟ್‌ಗೆ, ಅರ್ಜಿ ಶುರುವಾಯಿತು. ಫೀಸು 4,000 ರೂಪಾಯಿ, ಎಸ್‌ಸಿ, ಎಸ್‌ಟಿ, ಬಿಪಿಎಲ್‌ನವರಿಗೆ 3,500. ಒಂದು ದಿನ ವೆಬ್‌ಸೈಟ್ ತೆರೆದು ಫೋನ್ ನಂಬರ್ ಹಾಕುವವರೆಗೂ ಹೋದೆ. ಅಷ್ಟರಲ್ಲಿ ಕಾಲೇಜಿನಲ್ಲಿ ಕ್ಲಾಸು ಇತ್ತು, ಹೋದೆ. ಆಮೇಲೆ ಮತ್ತೆ ತೆರೆಯಲಿಲ್ಲ.

ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಲು ಇಲ್ಲಿ ಅವಕಾಶ ಇದೆ. ನಾನು ಇಂಗ್ಲಿಷ್‌ನಲ್ಲಿ ಬರೆಯುತ್ತೇನೆ ಎಂದು ನಿರ್ಧರಿಸಿದ್ದೇನೆ, ಮೇ ತಿಂಗಳ ಬಿಸಿಲಲ್ಲಿ ಗಳಿಸಿದ ಸ್ಪೀಡ್ ಸುಮ್ನೆ ಬಿಡಲು ಮನಸ್ಸಿಲ್ಲ. ನಾಗರಭಾವಿಯ ಆಸೆ ಪೂರ್ತಿ ಹೋಗಿಲ್ಲ. ಐದು ವರ್ಷ ಆದ ಮೇಲೆ ಎಲ್‌ಎಲ್‌ಎಂಗೆ, ಅಂದರೆ ಕಾನೂನಿನ ಸ್ನಾತಕೋತ್ತರ ಕೋರ್ಸಿಗೆ, ಕ್ಲಾಟ್ ಪಿಜಿ ಇದೆ, ಆಗ ನೋಡೋಣ.

ಗೆಳತಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಭಾನುವಾರ ಅವಳು ಮಾಕ್ ಟೆಸ್ಟ್ ಮುಗಿಸಿ ಅರ್ಥವಾಗದ ಲೀಗಲ್ ಪ್ಯಾಸೇಜ್‌ಗಳನ್ನು ನನಗೆ ಕಳಿಸುತ್ತಾಳೆ, ನಾನು ಬಿಡಿಸಿ ಕಳಿಸುತ್ತೇನೆ. ‘ಇಷ್ಟು ಬರುತ್ತೆ, ಇನ್ನೊಂದು ಸಲ ಬರೆಯೋಕೆ ಏನು ಕಷ್ಟ ನಿಂಗೆ’ ಎಂದು ಜಗಳ ಮಾಡುತ್ತಾಳೆ. ನಾನು 2033, 2034 ಎನ್ನುತ್ತೇನೆ. ಎಪ್ಪತ್ತರಲ್ಲಿ ನಿಂತ ಅಂಕ ಜುಲೈನಲ್ಲಿ ಮತ್ತೆ ಏರುತ್ತಿತ್ತು, ನೀನು ಕಾಯಲಿಲ್ಲ ಎನ್ನುತ್ತಾಳೆ ಅವಳು. ಇರಬಹುದು. ಇದರಲ್ಲಿ ನಮ್ಮಿಬ್ಬರಿಗೆ ಇನ್ನೂ ರಾಜಿ ಆಗಿಲ್ಲ.